ವಿದೇಶದಲ್ಲಿದ್ದು ದೂರದಿಂದ ಕೆಲಸ ನಿರ್ವಹಿಸುವ ನೌಕರರಿಗೆ ತೆರಿಗೆ ಹಾಗೂ ಸೇವಾ ವಿಷಯಗಳ ಕುರಿತು ಮಾಹಿತಿ

ಪೀಠಿಕೆ

ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಮುಂತಾದ ನಗರಗಳ ಸಂಸ್ಥೆಗಳಲ್ಲಿ ಸೇವೆಯಲ್ಲಿರುವ ಅನೇಕ ನಾಗರಿಕರು ಪತಿ ಅಥವಾ ಪತ್ನಿಯ ವರ್ಗಾವಣೆ, ಮಕ್ಕಳ ವ್ಯಾಸಂಗ, ಮಗಳ ಬಾಣಂತನ ಮೊದಲಾದ ಕಾರಣಗಳಿಂದ ಕೆಲವು ತಿಂಗಳು ಅಥವಾ ಕೆಲವು ವರ್ಷ ಹೊರದೇಶದಲ್ಲಿ ವಾಸಿಸುತ್ತಾ, ಇಲ್ಲಿನ ಉದ್ಯೋಗವನ್ನು ಗಣಕಯಂತ್ರದ ಮೂಲಕ ಅಲ್ಲಿಂದಲೇ ಮುಂದುವರಿಸುತ್ತಿದ್ದಾರೆ. ಸಂಬಳ ಎಂದಿನಂತೆ ಇಲ್ಲಿನ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಮೂಲದಲ್ಲಿ ತೆರಿಗೆಯೂ ಎಂದಿನಂತೆ ಕಡಿತವಾಗುತ್ತದೆ. ಆದ್ದರಿಂದ ಏನೂ ಬದಲಾಗಿಲ್ಲವೆಂಬ ಭಾವನೆ ಸಹಜ. ವಸ್ತುಸ್ಥಿತಿ ಹಾಗಿರುವುದಿಲ್ಲ. ಒಂದೇ ಸಂಬಳಕ್ಕೆ ಎರಡು ದೇಶಗಳು ತೆರಿಗೆ ಕೇಳುವ ಸಂದರ್ಭವೂ, ವೀಸಾ ಷರತ್ತು ಉಲ್ಲಂಘನೆಯ ಆರೋಪವೂ ಎದುರಾಗಬಹುದು. ಹೊರಡುವ ಮೊದಲೇ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಈ ಪುಟದಲ್ಲಿ ಉಲ್ಲೇಖಿಸಿರುವ ಕಲಂ ಮತ್ತು ನಮೂನೆಗಳ ಸಂಖ್ಯೆಗಳು ಆದಾಯ ತೆರಿಗೆ ಕಾಯ್ದೆ, 1961 ಹಾಗೂ ಅದರಡಿಯ 1962ರ ನಿಯಮಗಳಿಗೆ ಸಂಬಂಧಿಸಿದವು. 2026ರ ಏಪ್ರಿಲ್ 1ರಿಂದ ಆರಂಭವಾಗುವ ತೆರಿಗೆ ವರ್ಷಗಳಿಗೆ ಆದಾಯ ತೆರಿಗೆ ಕಾಯ್ದೆ, 2025 ಅನ್ವಯವಾಗುತ್ತದೆ. ಹೊಸ ಕಾಯ್ದೆಯಲ್ಲಿ ಅನೇಕ ಸಂಖ್ಯೆಗಳು ಬದಲಾಗಿವೆ. ಇಲ್ಲಿ ಹೇಳಿರುವ ಮೂಲ ತತ್ವಗಳು ಮಾತ್ರ ಮುಂದುವರಿದಿವೆ. ಆದ್ದರಿಂದ ಅರ್ಜಿ ಸಲ್ಲಿಸುವಾಗ ಸಂಖ್ಯೆಯನ್ನಲ್ಲ, ವಿಷಯವನ್ನು ನೋಡಿ ನಮೂನೆಯನ್ನು ಆರಿಸಿಕೊಳ್ಳತಕ್ಕದ್ದು.

ಮೂಲ ತತ್ವ: ಕೆಲಸ ಎಲ್ಲಿ ನಡೆಯಿತು?

ಸಂಬಳಕ್ಕೆ ತೆರಿಗೆ ವಿಧಿಸುವ ಹಕ್ಕು ಸಾಮಾನ್ಯವಾಗಿ ನೌಕರನು ಯಾವ ನೆಲದಲ್ಲಿ ಕುಳಿತು ಕೆಲಸ ಮಾಡಿದನೋ ಆ ದೇಶಕ್ಕೆ ಸೇರುತ್ತದೆ. ಉದ್ಯೋಗದಾತರ ಕಚೇರಿ ಎಲ್ಲಿದೆ, ಸರ್ವರ್ ಎಲ್ಲಿದೆ, ಮೇಲಧಿಕಾರಿ ಎಲ್ಲಿದ್ದಾರೆ ಎಂಬುದು ಮುಖ್ಯವಲ್ಲ. ನಮ್ಮ ಕಾಯ್ದೆಯ ಕಲಂ 9(1)(ii)ರ ವಿವರಣೆಯೂ ಇದನ್ನೇ ಹೇಳುತ್ತದೆ: ಭಾರತದಲ್ಲಿ ಸಲ್ಲಿಸಿದ ಸೇವೆಗೆ ಸಲ್ಲುವ ಸಂಬಳವು ಭಾರತದಲ್ಲಿ ಗಳಿಸಿದ ಆದಾಯ. ಇದರ ಮತ್ತೊಂದು ಮುಖವನ್ನು ಕರ್ನಾಟಕ ಉಚ್ಚ ನ್ಯಾಯಾಲಯವು 2011ರಲ್ಲಿ ವರದಿಯಾದ ಪ್ರಕರಣವೊಂದರಲ್ಲಿ ಎತ್ತಿ ಹಿಡಿದಿದೆ. ಅನಿವಾಸಿಯೊಬ್ಬರು ಭಾರತದ ಹೊರಗೆ ಸಲ್ಲಿಸಿದ ಸೇವೆಯ ಸಂಬಳವು ಭಾರತದಲ್ಲಿ ಉದ್ಭವಿಸಿದ ಆದಾಯವಲ್ಲವೆಂಬುದು ಆ ತೀರ್ಪಿನ ಸಾರ.

ಸರ್ಕಾರಿ ನೌಕರರಿಗೆ ಈ ತತ್ವ ಅನ್ವಯಿಸುವುದಿಲ್ಲ. ಭಾರತೀಯ ಪ್ರಜೆಗೆ ಸರ್ಕಾರವು ಹೊರದೇಶದ ಸೇವೆಗಾಗಿ ನೀಡುವ ಸಂಬಳವು ಭಾರತದಲ್ಲಿಯೇ ಉದ್ಭವಿಸಿದ ಆದಾಯವೆಂದು ಕಲಂ 9(1)(iii) ಪರಿಗಣಿಸುತ್ತದೆ.

ನಿವಾಸಿಯೋ, ಅನಿವಾಸಿಯೋ?

ಈ ಪ್ರಶ್ನೆಗೆ ಉತ್ತರ ದೊರೆಯದೆ ಮುಂದಿನ ಯಾವ ಹೆಜ್ಜೆಯನ್ನೂ ಇಡಲಾಗದು. ಆರ್ಥಿಕ ವರ್ಷವೊಂದರಲ್ಲಿ, ಅಂದರೆ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, 182 ಅಥವಾ ಅದಕ್ಕಿಂತ ಹೆಚ್ಚು ದಿನ ಭಾರತದಲ್ಲಿದ್ದವರು ನಿವಾಸಿಗಳು. ಆ ವರ್ಷ 60 ದಿನ ಇಲ್ಲಿದ್ದು, ಅದರ ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದವರೂ ನಿವಾಸಿಗಳೇ. ಊರಿನಲ್ಲಿಯೇ ಹುಟ್ಟಿ ಬೆಳೆದು ಇಲ್ಲಿಯೇ ಉದ್ಯೋಗದಲ್ಲಿದ್ದವರಿಗೆ ಎರಡನೆಯ ಷರತ್ತಿನ 365 ದಿನಗಳು ಹೇಗೂ ಪೂರ್ಣಗೊಂಡಿರುತ್ತವೆ. ಹಾಗಾಗಿ ಅವರ ಮಟ್ಟಿಗೆ ಉಳಿಯುವುದು 60 ದಿನಗಳ ಮಿತಿ ಮಾತ್ರ.

ಭಾರತೀಯ ಪ್ರಜೆಯು ಉದ್ಯೋಗದ ಉದ್ದೇಶಕ್ಕಾಗಿ ದೇಶ ಬಿಟ್ಟು ಹೋದ ವರ್ಷದಲ್ಲಿ ಈ 60 ದಿನಗಳ ಬದಲು 182 ದಿನಗಳ ಮಿತಿ ಅನ್ವಯವಾಗುತ್ತದೆ. ಹೆಚ್ಚಿನ ಅರ್ಜಿದಾರರು ಎಡವುವುದು ಇಲ್ಲಿಯೇ. ಪತ್ನಿಗೆ ಹೊರದೇಶದಲ್ಲಿ ಕೆಲಸ ದೊರೆತು, ಪತಿ ಅವಲಂಬಿತ ವೀಸಾದಲ್ಲಿ ಜೊತೆಗೆ ಹೋಗಿ, ತಮ್ಮ ಬೆಂಗಳೂರಿನ ಕೆಲಸವನ್ನೇ ಅಲ್ಲಿಂದ ಮುಂದುವರಿಸಿದರೆ ಅದು "ಉದ್ಯೋಗದ ಉದ್ದೇಶಕ್ಕಾಗಿ" ಹೋದಂತಾಗುವುದೇ? ಪತ್ನಿಯ ವಿಷಯದಲ್ಲಿ ಸಂದೇಹವಿಲ್ಲ. ಪತಿಯ ವಿಷಯದಲ್ಲಿ ತೆರಿಗೆ ಅಧಿಕಾರಿಯು ಪ್ರಶ್ನಿಸಲು ಅವಕಾಶವಿದೆ. ಅವರು ಹೋಗಿದ್ದು ಕುಟುಂಬದೊಡನೆ ಇರಲು, ಉದ್ಯೋಗವು ಮೊದಲಿನಿಂದಲೂ ಇಲ್ಲಿತ್ತು ಎಂಬ ವಾದ ಸುಲಭವಾಗಿ ಬರುತ್ತದೆ. ಹೊರಡುವ ಮೊದಲು ಉದ್ಯೋಗದಾತರಿಂದ ಹೊರದೇಶದ ನಿಯೋಜನೆಯ ಕುರಿತು ಲಿಖಿತ ಆದೇಶ ಪಡೆದಿದ್ದರೆ ಉತ್ತರಿಸಲು ಆಧಾರವಿರುತ್ತದೆ. ಆದೇಶವಿಲ್ಲದವರು ಆ ಮೊದಲ ವರ್ಷಕ್ಕೆ ತಾವು ಭಾರತದ ನಿವಾಸಿಯೆಂದೇ ಭಾವಿಸಿ ಲೆಕ್ಕ ಹಾಕಿಕೊಳ್ಳುವುದು ಕ್ಷೇಮ.

ನಂತರದ ವರ್ಷಗಳಲ್ಲಿ ರಜೆಗೆಂದು ಊರಿಗೆ ಬಂದು ಹೋಗುವ ಭಾರತೀಯ ಪ್ರಜೆಗಳಿಗೂ 182 ದಿನಗಳ ಮಿತಿಯೇ ಇದೆ. ಆದರೆ ವಿದೇಶಿ ಮೂಲದ ಆದಾಯವನ್ನು ಬಿಟ್ಟು ಉಳಿದ ಆದಾಯವು 15 ಲಕ್ಷ ರೂಪಾಯಿಗಳನ್ನು ಮೀರಿದರೆ ಈ ಮಿತಿ 120 ದಿನಗಳಿಗೆ ಇಳಿಯುತ್ತದೆ. ಅಂತಹ ಆದಾಯ 15 ಲಕ್ಷ ಮೀರಿದ್ದು, ಬೇರಾವ ದೇಶದಲ್ಲಿಯೂ ನಿವಾಸದ ಕಾರಣದಿಂದ ತೆರಿಗೆಗೆ ಒಳಪಡದ ಭಾರತೀಯ ಪ್ರಜೆಯನ್ನು ಕಲಂ 6(1A) ಒಂದು ದಿನವೂ ಇಲ್ಲಿ ಇಲ್ಲದಿದ್ದರೂ ನಿವಾಸಿಯೆಂದು ಪರಿಗಣಿಸುತ್ತದೆ. ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮ ಕರಾವಳಿಯ ಜನರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು. ಇಂತಹವರನ್ನು "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ" ಎಂಬ ವರ್ಗಕ್ಕೆ ಸೇರಿಸಲಾಗುತ್ತದೆ; ಅವರ ವಿದೇಶಿ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ.

ಅನಿವಾಸಿಯಾದರೆ ತೆರಿಗೆ ಯಾವಾಗಲೂ ಕಡಿಮೆಯೆಂದು ತಿಳಿಯಬಾರದು. ಹೊಸ ತೆರಿಗೆ ಪದ್ಧತಿಯಲ್ಲಿ 2025-26ನೇ ಆರ್ಥಿಕ ವರ್ಷಕ್ಕೆ 12 ಲಕ್ಷ ರೂಪಾಯಿಗಳವರೆಗಿನ ಆದಾಯಕ್ಕೆ ತೆರಿಗೆ ಬಾರದಂತೆ ಮಾಡುವ ಕಲಂ 87Aಯ ರಿಯಾಯಿತಿ ನಿವಾಸಿಗಳಿಗೆ ಮಾತ್ರ ಲಭ್ಯ. ಅನಿವಾಸಿಯು ಇಲ್ಲಿನ ಆದಾಯದಲ್ಲಿ 4 ಲಕ್ಷ ಮೀರಿದ ಮೊತ್ತಕ್ಕೆ ತೆರಿಗೆ ತೆರಬೇಕಾಗುತ್ತದೆ.

ದ್ವಿಗುಣ ತೆರಿಗೆ ನಿವಾರಣಾ ಒಪ್ಪಂದಗಳು

ಎರಡೂ ದೇಶಗಳು ತಮ್ಮ ತಮ್ಮ ಕಾಯ್ದೆಯಂತೆ ತೆರಿಗೆ ಕೇಳಿದಾಗ ನೆರವಿಗೆ ಬರುವುದು ಉಭಯ ದೇಶಗಳ ನಡುವಿನ ಒಪ್ಪಂದ. ಉದ್ಯೋಗದ ಸಂಬಳಕ್ಕೆ ಸಂಬಂಧಿಸಿದ ವಿಧಿಯು ಜರ್ಮನಿ ಮತ್ತು ಸಂಯುಕ್ತ ಅರಬ್ ಸಂಸ್ಥಾನದೊಡನೆ ಮಾಡಿಕೊಂಡ ಒಪ್ಪಂದಗಳಲ್ಲಿ 15ನೆಯದು. ಅಮೆರಿಕ ಮತ್ತು ಬ್ರಿಟನ್ ಒಪ್ಪಂದಗಳಲ್ಲಿ 16ನೆಯದು. ಒಂದು ದೇಶದ ನಿವಾಸಿಯು ಇನ್ನೊಂದು ದೇಶಕ್ಕೆ ಅಲ್ಪಾವಧಿಗೆ ಹೋಗಿ ಕೆಲಸ ಮಾಡಿದಾಗ, ಮೂರು ಷರತ್ತುಗಳು ಒಟ್ಟಿಗೆ ಪೂರೈಸಿದರೆ ಆ ಇನ್ನೊಂದು ದೇಶವು ತೆರಿಗೆ ವಿಧಿಸುವಂತಿಲ್ಲ: ಅಲ್ಲಿನ ವಾಸ 183 ದಿನಗಳನ್ನು ಮೀರಿರಬಾರದು, ಸಂಬಳ ಕೊಡುವವರು ಅಲ್ಲಿನ ನಿವಾಸಿಯಾಗಿರಬಾರದು, ಸಂಬಳದ ಹೊರೆಯನ್ನು ಅಲ್ಲಿರುವ ಉದ್ಯೋಗದಾತರ ಶಾಖೆ ಅಥವಾ ಖಾಯಂ ಸಂಸ್ಥಾಪನೆ ಹೊತ್ತಿರಬಾರದು. "183 ದಿನ ದಾಟದಿದ್ದರೆ ಸಾಕು" ಎಂದು ಜನರಲ್ಲಿ ಪ್ರಚಲಿತವಿರುವ ಮಾತು ಅರ್ಧ ಸತ್ಯ ಮಾತ್ರ. ಅಲ್ಲದೆ ಈ ದಿನಗಳನ್ನು ಎಣಿಸುವುದು ಆಯಾ ಒಪ್ಪಂದದಲ್ಲಿ ಹೇಳಿದ ಅವಧಿಗೆ. ಜರ್ಮನಿ ಮತ್ತು ಅಮೆರಿಕಗಳಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್‌ವರೆಗೆ. ಬ್ರಿಟನ್ನಿನಲ್ಲಿ ಏಪ್ರಿಲ್ 6ರಿಂದ ಮರುವರ್ಷದ ಏಪ್ರಿಲ್ 5ರವರೆಗೆ. ಆಸ್ಟ್ರೇಲಿಯಾದಲ್ಲಿ ಜುಲೈ 1ರಿಂದ ಜೂನ್ 30ರವರೆಗೆ.

ಉದಾಹರಣೆಯೊಂದನ್ನು ನೋಡೋಣ. ಬೆಂಗಳೂರಿನ ತಂತ್ರಾಂಶ ಸಂಸ್ಥೆಯ ನೌಕರರೊಬ್ಬರು ಪತ್ನಿಯೊಡನೆ 2025ರ ಆಗಸ್ಟ್ 15ರಂದು ಮ್ಯೂನಿಕ್‌ಗೆ ತೆರಳಿ, ಅಲ್ಲಿ ಬಾಡಿಗೆ ಮನೆ ಹಿಡಿದು, ಇಲ್ಲಿನ ಕೆಲಸವನ್ನೇ ಮುಂದುವರಿಸಿದರು. ಇಲ್ಲಿನ ಮನೆಯನ್ನು ಬಿಟ್ಟುಕೊಟ್ಟರು. ಏಪ್ರಿಲ್ 1ರಿಂದ ಅವರು ಭಾರತದಲ್ಲಿದ್ದ ದಿನಗಳು 137. ನಿಯೋಜನೆಯ ಆದೇಶವಿಲ್ಲವಾದ್ದರಿಂದ 60 ದಿನಗಳ ಮಿತಿ ಅನ್ವಯವಾಗಿ, 2025-26ಕ್ಕೆ ಅವರು ಭಾರತದ ನಿವಾಸಿಯಾದರು. ಮ್ಯೂನಿಕ್‌ನಲ್ಲಿ ಮನೆ ಮಾಡಿದ್ದರಿಂದ ಜರ್ಮನಿಯ ಕಾಯ್ದೆಯಂತೆ ಅಲ್ಲಿಯೂ ನಿವಾಸಿಯಾದರು. ಇಂತಹ ಇಬ್ಬಗೆಯ ಸ್ಥಿತಿಯಲ್ಲಿ ಒಪ್ಪಂದದ 4ನೇ ವಿಧಿಯು ಕ್ರಮವಾಗಿ ಖಾಯಂ ಮನೆ ಎಲ್ಲಿದೆ, ವೈಯಕ್ತಿಕ ಹಾಗೂ ಆರ್ಥಿಕ ಸಂಬಂಧಗಳ ಕೇಂದ್ರ ಯಾವುದು, ರೂಢಿಯ ವಾಸ ಎಲ್ಲಿ, ಯಾವ ದೇಶದ ಪ್ರಜೆ ಎಂಬುದನ್ನು ಪರಿಶೀಲಿಸುತ್ತದೆ. ಇಲ್ಲಿ ಮೊದಲ ಪ್ರಶ್ನೆಯಲ್ಲಿಯೇ ಉತ್ತರ ಜರ್ಮನಿಯತ್ತ ವಾಲುತ್ತದೆ. ಹಾಗಾದಾಗ 2025ರಲ್ಲಿ ಅವರು ಅಲ್ಲಿದ್ದ ದಿನಗಳು 183ಕ್ಕಿಂತ ಕಡಿಮೆಯೆಂಬುದು ಅವರಿಗೆ ಪ್ರಯೋಜನಕ್ಕೆ ಬಾರದು. ಆ ರಿಯಾಯಿತಿ ಇರುವುದು ಭಾರತದ ನಿವಾಸಿಯಾಗಿ ಅಲ್ಲಿಗೆ ಹೋಗಿ ಬರುವವರಿಗೆ, ಅಲ್ಲಿಯೇ ಸಂಸಾರ ಹೂಡಿದವರಿಗಲ್ಲ.

ಅತ್ತ ಬೆಂಗಳೂರಿನ ಸಂಸ್ಥೆಯು ಕಲಂ 192ರಂತೆ ಪ್ರತಿ ತಿಂಗಳು ತೆರಿಗೆ ಕಡಿತ ಮಾಡುತ್ತಲೇ ಇರುತ್ತದೆ. ಇತ್ತ ಜರ್ಮನಿಯಲ್ಲಿ ಸಂಬಳದಿಂದ ತೆರಿಗೆ ಹಿಡಿಯುವವರು ಯಾರೂ ಇಲ್ಲ. ನೌಕರನೇ ವಿವರಪಟ್ಟಿ ಸಲ್ಲಿಸಿ, ಅಲ್ಲಿನ ಕಚೇರಿ ಸೂಚಿಸಿದರೆ ತ್ರೈಮಾಸಿಕ ಮುಂಗಡವನ್ನೂ ಕಟ್ಟಬೇಕು. ಇಲ್ಲಿ ಕಡಿತವಾದ ಹಣ ಮರಳಿ ಬರುವವರೆಗೆ ಕೈಯಲ್ಲಿರುವುದು ಎರಡೂ ತೆರಿಗೆ ಕಳೆದು ಉಳಿದ ಮೊತ್ತ. ಬಾಡಿಗೆ, ವಿಮೆ, ಮಗುವಿನ ಶಿಶುವಿಹಾರದ ಶುಲ್ಕ ಇವೆಲ್ಲ ಯೂರೋದಲ್ಲಿ ಹೋಗುವಾಗ ಇದು ಸಣ್ಣ ಸಂಕಟವಲ್ಲ. ಹೊರಡುವ ಮುಂಚೆಯೇ ಕನಿಷ್ಠ ಆರು ತಿಂಗಳ ಅಲ್ಲಿನ ತೆರಿಗೆಯಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿರಿಸಿಕೊಳ್ಳುವುದು ಒಳಿತು.

ಕಡಿತವಾದ ತೆರಿಗೆಯನ್ನು ಹಿಂಪಡೆಯುವ ವಿಧಾನ

ಒಪ್ಪಂದದಂತೆ ಹೊರದೇಶದ ನಿವಾಸಿಯಾದವರು ಭಾರತದಲ್ಲಿ ವಿನಾಯಿತಿ ಕೋರಲು ಆ ದೇಶದ ತೆರಿಗೆ ಇಲಾಖೆಯಿಂದ ನಿವಾಸ ದೃಢೀಕರಣ ಪತ್ರ ಪಡೆದು, ನಮೂನೆ 10Fಅನ್ನು ವಿದ್ಯುನ್ಮಾನ ವಿಧಾನದಲ್ಲಿ ಸಲ್ಲಿಸಿ, ಐಟಿಆರ್-2ರಲ್ಲಿ ಮರುಪಾವತಿ ಕೋರಬೇಕು. ಮುಂಚಿತವಾಗಿಯೇ ಕಡಿತವನ್ನು ತಗ್ಗಿಸಬೇಕಾದರೆ ಕಲಂ 197ರಡಿ ಕಡಿಮೆ ದರದ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಬಹುದು. ನಿವಾಸ ದೃಢೀಕರಣ ಪತ್ರವನ್ನು ವಿವರಪಟ್ಟಿಯ ಕೊನೆಯ ದಿನದವರೆಗೆ ಮುಂದೂಡದೆ ಆಯಾ ವರ್ಷದಲ್ಲಿಯೇ ಕೋರುವುದು ಸೂಕ್ತ.

ಇದಕ್ಕೆ ವ್ಯತಿರಿಕ್ತವಾಗಿ, ಒಪ್ಪಂದದಂತೆಯೂ ಭಾರತದ ನಿವಾಸಿಯಾಗಿಯೇ ಉಳಿದು ಹೊರದೇಶದಲ್ಲಿ ತೆರಿಗೆ ಕಟ್ಟಿದವರು ಅದರ ಜಮೆಯನ್ನು ಇಲ್ಲಿ ಪಡೆಯುತ್ತಾರೆ. ಇದಕ್ಕೆ ನಿಯಮ 128ರಂತೆ ನಮೂನೆ 67 ಅಗತ್ಯ. ವಿವರಪಟ್ಟಿಯನ್ನು ಕಾಲಮಿತಿಯೊಳಗೆ ಸಲ್ಲಿಸಿದ್ದಲ್ಲಿ ಈ ನಮೂನೆಯನ್ನು ಸಂಬಂಧಪಟ್ಟ ನಿರ್ಧರಣಾ ವರ್ಷದ ಅಂತ್ಯದವರೆಗೆ ಸಲ್ಲಿಸಬಹುದು. ಅಲ್ಲಿ ಕಟ್ಟಿದ ತೆರಿಗೆ, ಅದೇ ಆದಾಯಕ್ಕೆ ಇಲ್ಲಿ ಬರುವ ತೆರಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟೇ ಜಮೆ ದೊರೆಯುತ್ತದೆ. ರೂಪಾಯಿಗೆ ಪರಿವರ್ತಿಸುವಾಗ, ತೆರಿಗೆ ಕಟ್ಟಿದ ತಿಂಗಳ ಹಿಂದಿನ ತಿಂಗಳ ಕೊನೆಯ ದಿನದ ತಂತಿ ವರ್ಗಾವಣೆ ಖರೀದಿ ದರವನ್ನು ಬಳಸತಕ್ಕದ್ದು. ತಂತಿ ಸೇವೆಯು ನಿಂತು ವರ್ಷಗಳಾದರೂ ದರದ ಹೆಸರು ಹಾಗೆಯೇ ಉಳಿದಿದೆ.

ಭಾರತದ ಸಾಮಾನ್ಯ ನಿವಾಸಿಯಾಗಿರುವವರು ಹೊರದೇಶದಲ್ಲಿ ತೆರೆದ ಬ್ಯಾಂಕ್ ಖಾತೆಯನ್ನು ವಿವರಪಟ್ಟಿಯ ವಿದೇಶಿ ಆಸ್ತಿ ಅನುಸೂಚಿಯಲ್ಲಿ ಕಡ್ಡಾಯವಾಗಿ ತೋರಿಸಬೇಕು. ಬಾಡಿಗೆ ಕಟ್ಟಲೆಂದು ತೆರೆದ ಸಣ್ಣ ಖಾತೆಯೂ ಇದರಲ್ಲಿ ಸೇರುತ್ತದೆ. 2015ರ ಕಪ್ಪು ಹಣ ಕಾಯ್ದೆಯಡಿ ಮರೆಮಾಚಿಕೆಗೆ 10 ಲಕ್ಷ ರೂಪಾಯಿ ದಂಡವಿದೆ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಹೊರತುಪಡಿಸಿ ಒಟ್ಟು ಮೌಲ್ಯ 20 ಲಕ್ಷ ಮೀರದ ಆಸ್ತಿಗಳಿಗೆ ಈ ದಂಡದಿಂದ ವಿನಾಯಿತಿ ನೀಡಲಾಗಿದೆ. ತೋರಿಸುವ ಹೊಣೆಯಿಂದ ಅಲ್ಲ.

ಸಂಬಳ ಯಾವ ಖಾತೆಗೆ ಬರುತ್ತದೆ?

ಅನಿವಾಸಿಯು ಹೊರದೇಶದಲ್ಲಿ ದುಡಿದ ಸಂಬಳವು ಭಾರತದಲ್ಲಿ ಉದ್ಭವಿಸಿದ್ದಲ್ಲವಾದರೂ, ಅದನ್ನು ಮೊದಲಿಗೆ ಸ್ವೀಕರಿಸಿದ್ದು ಭಾರತದಲ್ಲಿಯೇ ಆದರೆ ಕಲಂ 5(2)ರಂತೆ ತೆರಿಗೆಯ ಪ್ರಶ್ನೆ ಮತ್ತೆ ಎದ್ದು ನಿಲ್ಲುತ್ತದೆ. ವಿದೇಶಿ ಹಡಗುಗಳಲ್ಲಿ ದುಡಿಯುವ ಅನಿವಾಸಿ ನಾವಿಕರ ಸಂಬಳವು ಎನ್‌ಆರ್‌ಇ ಖಾತೆಗೆ ಜಮೆಯಾದ ಮಾತ್ರಕ್ಕೆ ತೆರಿಗೆಗೆ ಒಳಪಡದೆಂದು ಕೇಂದ್ರೀಯ ನೇರ ತೆರಿಗೆಗಳ ಮಂಡಳಿಯು 2017ರ ಏಪ್ರಿಲ್‌ನ 13ನೇ ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದೆ. ಈ ಸುತ್ತೋಲೆ ನಾವಿಕರಿಗೆ ಸೀಮಿತ. ದುಬೈನ ಮನೆಯಲ್ಲಿ ಕುಳಿತು ಬೆಂಗಳೂರಿನ ಸಂಸ್ಥೆಯ ಲೆಕ್ಕಪತ್ರ ನೋಡುವವರು ಇದನ್ನೇ ಆಧಾರವಾಗಿ ಹಿಡಿಯಲಾಗದು. ಅವರು ಸಂಬಳವನ್ನು ನೇರವಾಗಿ ಅಲ್ಲಿನ ಖಾತೆಗೆ ಕಳುಹಿಸುವಂತೆ ಉದ್ಯೋಗದಾತರನ್ನು ಕೋರುವುದು, ಹಾಗೂ ವರ್ಷದಲ್ಲಿ 183 ದಿನ ಅಲ್ಲಿದ್ದು ನಿವಾಸ ದೃಢೀಕರಣ ಪತ್ರ ಪಡೆದುಕೊಳ್ಳುವುದು ಸುರಕ್ಷಿತ ಮಾರ್ಗ.

ವಿದೇಶೀ ವಿನಿಮಯ ನಿರ್ವಹಣಾ ಕಾಯ್ದೆ, 1999ರ (ಫೆಮಾ) ನಿವಾಸಿ ವ್ಯಾಖ್ಯೆಯು ಆದಾಯ ತೆರಿಗೆಯ ವ್ಯಾಖ್ಯೆಗಿಂತ ಭಿನ್ನ. ಉದ್ಯೋಗಕ್ಕಾಗಿ ಅಥವಾ ಅನಿಶ್ಚಿತ ಅವಧಿಯ ವಾಸಕ್ಕಾಗಿ ದೇಶ ಬಿಟ್ಟವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಪರಿವರ್ತಿಸಿಕೊಳ್ಳತಕ್ಕದ್ದು. ಇಬ್ಬಗೆಯ ವ್ಯಾಖ್ಯೆಯಿಂದಾಗಿ ಒಬ್ಬರೇ ವ್ಯಕ್ತಿ ಒಂದೇ ವರ್ಷ ಬ್ಯಾಂಕಿಗೆ ಅನಿವಾಸಿ, ತೆರಿಗೆ ಇಲಾಖೆಗೆ ನಿವಾಸಿ ಆಗಿರಲು ಸಾಧ್ಯ. ಇದು ದೋಷವಲ್ಲ, ಗಾಬರಿಯಾಗಬೇಕಿಲ್ಲ.

ವೀಸಾ ಮತ್ತು ಕೆಲಸದ ಅನುಮತಿ

ತೆರಿಗೆ ಬಾರದೆಂದ ಮಾತ್ರಕ್ಕೆ ಕೆಲಸ ಮಾಡಲು ಅನುಮತಿ ಇದೆಯೆಂದು ಅರ್ಥವಲ್ಲ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ತಾಯಿಯೊಬ್ಬರು, ಇನ್ನೂ ಸೇವೆಯಲ್ಲಿದ್ದು, ಮಗು ಮಲಗಿದ ವೇಳೆಯಲ್ಲಿ ಕಚೇರಿಯ ಕೆಲಸ ಮಾಡುತ್ತಾರೆಂದು ಭಾವಿಸೋಣ. ವರ್ಷದಲ್ಲಿ 90 ದಿನ ಮೀರದ ವಾಸ, ಅಲ್ಲಿ ವ್ಯವಹಾರವಿಲ್ಲದ ವಿದೇಶಿ ಉದ್ಯೋಗದಾತರು, ಆ ಅವಧಿಯ ಸಂಬಳ 3,000 ಡಾಲರ್ ಒಳಗೆ, ಇಷ್ಟಿದ್ದರೆ ಅಮೆರಿಕದ ತೆರಿಗೆ ಕಾಯ್ದೆಯು ಆ ಸಂಬಳವನ್ನು ತನ್ನ ನೆಲದ ಆದಾಯವೆಂದು ಪರಿಗಣಿಸುವುದಿಲ್ಲ. ಆದರೆ ಅವರ ಬಳಿಯಿರುವ ಬಿ-2 ಸಂದರ್ಶಕ ವೀಸಾ ಉದ್ಯೋಗಕ್ಕೆ ಅನುಮತಿ ನೀಡುವುದಿಲ್ಲ. ಆದ್ದರಿಂದ ಆ ಅವಧಿಗೆ ರಜೆ ಪಡೆದು ಹೋಗುವುದೇ ಉಚಿತ; ಒಂದು ತಿಂಗಳ ಸಂಬಳಕ್ಕಾಗಿ ಮುಂದೆ ಮೊಮ್ಮಗುವನ್ನು ನೋಡಲು ಹೋಗುವ ಅವಕಾಶವನ್ನು ಸಂದಿಗ್ಧಕ್ಕೆ ಒಡ್ಡುವುದು ತರವಲ್ಲ. ಎಚ್-4 ಅವಲಂಬಿತ ವೀಸಾ ಉಳ್ಳವರು ಪ್ರತ್ಯೇಕ ಉದ್ಯೋಗ ಅನುಮತಿ ಪತ್ರ ದೊರೆತ ನಂತರವೇ ಕೆಲಸ ಆರಂಭಿಸತಕ್ಕದ್ದು.

ಬ್ರಿಟನ್ 2024ರ ಜನವರಿ 31ರಿಂದ ಸಂದರ್ಶಕರಿಗೆ ತಮ್ಮ ದೇಶದ ಉದ್ಯೋಗದಾತರ ಕೆಲಸವನ್ನು ದೂರದಿಂದ ಮಾಡಲು ಅವಕಾಶ ನೀಡಿದೆ. ಆದರೆ ಭೇಟಿಯ ಮುಖ್ಯ ಉದ್ದೇಶ ಅದಾಗಿರಬಾರದು. ಸಂಯುಕ್ತ ಅರಬ್ ಸಂಸ್ಥಾನವು 2021ರಿಂದ, ಪೋರ್ಚುಗಲ್ 2022ರಿಂದ, ಸ್ಪೇನ್ 2023ರಿಂದ ದೂರದ ಉದ್ಯೋಗಿಗಳಿಗೆಂದೇ ಪ್ರತ್ಯೇಕ ವೀಸಾ ನೀಡುತ್ತಿವೆ. ಜರ್ಮನಿಯಲ್ಲಿ ಪತಿ ಅಥವಾ ಪತ್ನಿಯನ್ನು ಸೇರಲು ದೊರೆಯುವ ವಾಸದ ಅನುಮತಿಯು ಉದ್ಯೋಗದ ಹಕ್ಕನ್ನೂ ಒಳಗೊಂಡಿರುತ್ತದೆ.

ಭವಿಷ್ಯ ನಿಧಿ ಮತ್ತು ಸಾಮಾಜಿಕ ಭದ್ರತೆ

ಭಾರತದ ಸಂಬಳಪಟ್ಟಿಯಲ್ಲಿರುವವರೆಗೆ ನೌಕರರ ಭವಿಷ್ಯ ನಿಧಿಯ ವಂತಿಗೆ ಮುಂದುವರಿಯುತ್ತದೆ. ಕೆಲಸ ನಡೆಯುವ ದೇಶವೂ ತನ್ನ ಪಿಂಚಣಿ ವಂತಿಗೆಯನ್ನು ಕೇಳುತ್ತದೆ. ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಜಪಾನ್, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳೊಡನೆ ಭಾರತಕ್ಕೆ ಸಾಮಾಜಿಕ ಭದ್ರತಾ ಒಪ್ಪಂದವಿದ್ದು, ಉದ್ಯೋಗದಾತರೇ ನಿಯೋಜಿಸಿ ಕಳುಹಿಸಿದ ನೌಕರರು ಭವಿಷ್ಯ ನಿಧಿ ಸಂಘಟನೆಯಿಂದ ವ್ಯಾಪ್ತಿ ಪ್ರಮಾಣಪತ್ರ ಪಡೆದರೆ ಅಲ್ಲಿನ ಪಿಂಚಣಿ ವಂತಿಗೆಯಿಂದ ನಿಗದಿತ ಅವಧಿಗೆ ವಿನಾಯಿತಿ ದೊರೆಯುತ್ತದೆ. "ಉದ್ಯೋಗದಾತರೇ ನಿಯೋಜಿಸಿದ" ಎಂಬ ಪದಗಳನ್ನು ಗಮನಿಸತಕ್ಕದ್ದು. ಸ್ವಂತ ಕಾರಣಕ್ಕೆ ಹೋದವರಿಗೆ ಈ ಸೌಲಭ್ಯವಿದೆಯೆಂದು ನಂಬಿ ಕೂರಬಾರದು. ಪ್ರಮಾಣಪತ್ರವಿಲ್ಲದಿದ್ದಲ್ಲಿ ಬೆಂಗಳೂರಿನ ಸಂಸ್ಥೆಯೇ ಆ ದೇಶದಲ್ಲಿ ಉದ್ಯೋಗದಾತರಾಗಿ ನೋಂದಾಯಿಸಿಕೊಂಡು ವಂತಿಗೆ ಕಟ್ಟಬೇಕಾಗಿ ಬರಬಹುದು. ಅಮೆರಿಕ ಹಾಗೂ ಸಂಯುಕ್ತ ಅರಬ್ ಸಂಸ್ಥಾನದೊಡನೆ ಇಂತಹ ಒಪ್ಪಂದವಿಲ್ಲ.

ಉದ್ಯೋಗದಾತರ ಸಮ್ಮತಿ

ಮೇಲಧಿಕಾರಿಯ ಬಾಯಿಮಾತಿನ ಒಪ್ಪಿಗೆ ಸಾಲದು. ನೌಕರನು ಅಲ್ಲಿ ಕುಳಿತು ಸಂಸ್ಥೆಯ ಪರವಾಗಿ ಒಪ್ಪಂದಗಳನ್ನು ಕುದುರಿಸುತ್ತಿದ್ದರೆ ಆ ದೇಶವು ಸಂಸ್ಥೆಗೆ ಅಲ್ಲಿ ಖಾಯಂ ಸಂಸ್ಥಾಪನೆಯಿದೆಯೆಂದು ಪರಿಗಣಿಸಿ ಸಂಸ್ಥೆಯ ಲಾಭದ ಮೇಲೂ ತೆರಿಗೆ ಕೇಳಬಹುದು. ಮಾರಾಟ ವಿಭಾಗದವರಿಗೆ ಅನುಮತಿ ನಿರಾಕರಣೆಯಾಗಿ, ಅದೇ ಸಂಸ್ಥೆಯ ಪರೀಕ್ಷಣಾ ವಿಭಾಗದವರಿಗೆ ದೊರೆಯುವುದು ಸಾಮಾನ್ಯವಾಗಿ ಈ ಕಾರಣದಿಂದಲೇ ಹೊರತು ಪಕ್ಷಪಾತದಿಂದಲ್ಲ. ಸಂಸ್ಥೆಯ ಗುಂಪು ಆರೋಗ್ಯ ವಿಮೆಯು ಭಾರತದ ಹೊರಗಿನ ಚಿಕಿತ್ಸೆಗೆ ಅನ್ವಯಿಸುವುದೇ ಎಂಬುದನ್ನು ವಿಮಾ ಪತ್ರದಲ್ಲಿಯೇ ಓದಿ ಖಚಿತಪಡಿಸಿಕೊಳ್ಳಬೇಕು. ಸಮ್ಮತಿ ಪತ್ರದಲ್ಲಿ ದೇಶ, ಆರಂಭ ಮತ್ತು ಮುಕ್ತಾಯದ ದಿನಾಂಕ, ಹೆಚ್ಚುವರಿ ತೆರಿಗೆ ಹಾಗೂ ವಂತಿಗೆಯನ್ನು ಯಾರು ಭರಿಸತಕ್ಕದ್ದು ಎಂಬುದು ಸ್ಪಷ್ಟವಾಗಿರಲಿ.

ಊರಿಗೆ ಬಂದು ವಿದೇಶಿ ಸಂಸ್ಥೆಯ ಕೆಲಸ ಮುಂದುವರಿಸುವವರು

ಧಾರವಾಡದಲ್ಲಿ ತಂದೆಗೆ ಕಾಯಿಲೆಯೆಂದು ಕ್ಯಾಲಿಫೋರ್ನಿಯಾದಿಂದ ಬಂದು, ಹಗಲು ಆಸ್ಪತ್ರೆ, ರಾತ್ರಿ ಕಚೇರಿ ಎಂದು ನಾಲ್ಕು ತಿಂಗಳು ಕಳೆಯುವ ಮಕ್ಕಳ ಸ್ಥಿತಿಗೂ ಇದೇ ತತ್ವ ಅನ್ವಯ. ಆ ನಾಲ್ಕು ತಿಂಗಳ ಸಂಬಳ ಡಾಲರ್‌ನಲ್ಲಿ ಅಲ್ಲಿನ ಖಾತೆಗೆ ಜಮೆಯಾದರೂ, ಕೆಲಸ ನಡೆದದ್ದು ಧಾರವಾಡದಲ್ಲಿ. ನಮ್ಮ ಕಾಯ್ದೆಯಂತೆ ಅದು ಭಾರತದಲ್ಲಿ ಗಳಿಸಿದ ಆದಾಯ. ಒಪ್ಪಂದದ 16ನೇ ವಿಧಿಯ ಮೂರೂ ಷರತ್ತುಗಳು ಪೂರೈಸಿದರೆ ಮಾತ್ರ ವಿನಾಯಿತಿ. ಆ ಅವಧಿಯ ಸಂಬಳದ ವೆಚ್ಚವನ್ನು ಉದ್ಯೋಗದಾತರು ತಮ್ಮ ಭಾರತದ ಶಾಖೆಯ ಲೆಕ್ಕಕ್ಕೆ ಹಾಕಿದ್ದರೆ ವಿನಾಯಿತಿ ತಪ್ಪಿಹೋಗುತ್ತದೆ. ಇದನ್ನು ಮುಂಚಿತವಾಗಿ ಕೇಳಿ ತಿಳಿದುಕೊಳ್ಳಬೇಕು. ಅಮೆರಿಕದ ನಿವಾಸ ದೃಢೀಕರಣ ಪತ್ರವನ್ನು ಅಲ್ಲಿನ ತೆರಿಗೆ ಇಲಾಖೆಯು ನಮೂನೆ 6166ರಲ್ಲಿ ನೀಡುತ್ತದೆ.

ವಾಸ ಅನಿವಾರ್ಯವಾಗಿ ಲಂಬಿಸಿತೆಂಬ ಕಾರಣಕ್ಕೆ ದಿನಗಳ ಎಣಿಕೆಯಲ್ಲಿ ಸಡಿಲಿಕೆ ದೊರೆಯುವುದು ಅಪರೂಪ. ಕೋವಿಡ್ ಕಾಲದಲ್ಲಿ 2019-20ನೇ ಸಾಲಿಗೆ ಮಂಡಳಿಯು 2020ರ 11ನೇ ಸುತ್ತೋಲೆಯ ಮೂಲಕ ಸಡಿಲಿಕೆ ನೀಡಿತ್ತು. 2020-21ನೇ ಸಾಲಿಗೆ ಸಾರ್ವತ್ರಿಕ ಸಡಿಲಿಕೆ ನೀಡದೆ, ನಿಜವಾಗಿ ಎರಡು ಬಾರಿ ತೆರಿಗೆ ಬಿದ್ದವರು ಮಾತ್ರ ವಿವರ ಸಲ್ಲಿಸುವಂತೆ 2021ರ 2ನೇ ಸುತ್ತೋಲೆಯಲ್ಲಿ ಸೂಚಿಸಿತು.

ಇಟ್ಟುಕೊಳ್ಳಬೇಕಾದ ದಾಖಲೆಗಳು

ದಿನಗಳ ಎಣಿಕೆಗೆ ಪಾಸ್‌ಪೋರ್ಟಿನ ಮೊಹರುಗಳೇ ಮುಖ್ಯ ಆಧಾರ. ನವೀಕರಣದ ನಂತರ ಹಳೆಯ ಪಾಸ್‌ಪೋರ್ಟನ್ನು ಬಿಸಾಡಬಾರದು. ಯುರೋಪಿನ ಷೆಂಗೆನ್ ರಾಷ್ಟ್ರಗಳು 2025ರ ಅಕ್ಟೋಬರ್ 12ರಿಂದ ಅಲ್ಪಾವಧಿ ಸಂದರ್ಶಕರ ಆಗಮನ-ನಿರ್ಗಮನವನ್ನು ಮೊಹರಿನ ಬದಲು ಗಣಕೀಕೃತ ವ್ಯವಸ್ಥೆಯಲ್ಲಿ ದಾಖಲಿಸಲು ಆರಂಭಿಸಿವೆ. ಅಲ್ಲಿಗೆ ಹೋಗಿ ಬರುವವರು ವಿಮಾನದ ಬೋರ್ಡಿಂಗ್ ಪಾಸ್‌ಗಳನ್ನು ಜೋಪಾನವಾಗಿ ಇಡತಕ್ಕದ್ದು. ಇವುಗಳೊಡನೆ ಉದ್ಯೋಗದಾತರ ಸಮ್ಮತಿ ಪತ್ರ, ನಮೂನೆ 16, ಹೊರದೇಶದ ಬಾಡಿಗೆ ಕರಾರು, ಅಲ್ಲಿ ತೆರಿಗೆ ಕಟ್ಟಿದ ರಸೀದಿ ಹಾಗೂ ಯಾವ ದಿನ ಯಾವ ಊರಿನಲ್ಲಿ ಕೆಲಸ ಮಾಡಲಾಯಿತೆಂಬ ದಿನಚರಿಯನ್ನು ಇಟ್ಟುಕೊಂಡಿರಬೇಕು. ದಾಖಲೆಗಳು ಇಂಗ್ಲಿಷ್ ಹೊರತು ಬೇರೆ ಭಾಷೆಯಲ್ಲಿದ್ದಲ್ಲಿ ಅವುಗಳ ದೃಢೀಕೃತ ಅನುವಾದವನ್ನು ಆಯಾ ದೇಶದಲ್ಲಿರುವಾಗಲೇ ಮಾಡಿಸಿಕೊಳ್ಳುವುದು ಅನುಕೂಲ.